ಯಾವ ಮಳೆಯಲ್ಲಿ ಬರ್ತೀರಿ?

ಸೊಸೆ: ಮಾವ, ನನ್ನ ಆಫೀಸಿನ ಗೆಳತಿಯೊಬ್ಬಳು ನಮ್ಮ ಊರಿನ ಕಡೆ ಬರಬೇಕು ಅಂತಿದ್ದಾಳೆ. ಗಂಡ, ಹತ್ತು ವರ್ಷದ ಮಗ, ಮಂಡಿನೋವಿನ ಅತ್ತೆ ಜೊತೆಗಿರ್ತಾರೆ. ಶುಕ್ರವಾರ ರಾತ್ರಿ ತಾಳಗುಪ್ಪದ ರೈಲು ಹತ್ತಿ, ಶನಿವಾರ ಬೆಳಿಗ್ಗೆ ಸಾಗರದಲ್ಲಿ ಇಳಿದು, ಭಾನುವಾರ ರಾತ್ರಿ ವಾಪಸು. ಜೋಗ, ಸಿಗಂದೂರು, ಇಕ್ಕೇರಿ, ಕೆಳದಿ, ವರದಹಳ್ಳಿ, ಕೊಡಚಾದ್ರಿ, ನಗರದ ಕೋಟೆ, ಕುಪ್ಪಳಿ, ಆಗುಂಬೆಯ ಸೂರ್ಯಾಸ್ತ. ಇಷ್ಟನ್ನೂ ಹೊಂದಿಸಿಕೊಡಿ ಅಂತ ಕೇಳಿದ್ದಾಳೆ.

ಮಾವ: ಯಾವ ತಿಂಗಳಲ್ಲಿ?

ಸೊಸೆ: ಗೊತ್ತಾಗಿಲ್ಲ. ರಜೆ ಸಿಕ್ಕಾಗ.

ಮಾವ: ಹಾಗಾದರೆ ಏನು ಹೊಂದಿಸೋದು? ಆಷಾಢದಲ್ಲಿ ಬಂದರೆ ಆಗುಂಬೆಯಲ್ಲಿ ಸೂರ್ಯನೇ ಕಾಣೋದಿಲ್ಲ, ಮುಳುಗೋದನ್ನು ಎಲ್ಲಿ ನೋಡ್ತಾರೆ? ವರ್ಷಕ್ಕೆ ಸುಮಾರು 7,500 ಮಿಲಿಮೀಟರ್ ಮಳೆ ಸುರಿಯೋ ಊರು ಅದು. ಏಪ್ರಿಲ್‌ನಲ್ಲಿ ಬಂದರೆ ಜೋಗದಲ್ಲಿ ಬಂಡೆ ನೋಡಿ ಹೋಗಬೇಕಾಗುತ್ತೆ. ಸಾಗರದಿಂದ ಹೊಸನಗರ, ತೀರ್ಥಹಳ್ಳಿ ದಾಟಿ ಆಗುಂಬೆ ಮುಟ್ಟೋದಕ್ಕೆ ತಿರುವುಗಳ ದಾರಿಯಲ್ಲಿ ಸುಮಾರು ನೂರು ಕಿಲೋಮೀಟರು. ಮಂಡಿನೋವಿನ ಹೆಂಗಸನ್ನು ಎರಡು ದಿನ ಕಾರಿನಲ್ಲಿ ಮಡಿಸಿ ಕೂರಿಸಿದರೆ ಅವರು ನೋಡೋದು ಮುಂದಿನ ಸೀಟಿನ ಬೆನ್ನನ್ನು ಮಾತ್ರ.

ಸೊಸೆ: ಎಲ್ಲರಿಗೂ ತಿಂಗಳುಗಟ್ಟಲೆ ರಜೆ ಇರೋದಿಲ್ಲ ಮಾವ. ನಿಧಾನವಾಗಿ ತಿರುಗಾಡೋದು ಪುರುಸೊತ್ತು ಇದ್ದವರ ಸೊತ್ತು ಅನ್ನಿಸಲ್ವಾ ನಿಮಗೆ?

ಮಾವ: ಎರಡು ದಿನ ಕಡಿಮೆ ಅಂತ ನಾನು ಹೇಳಲಿಲ್ಲ. ಒಂಬತ್ತು ಊರು ಹೆಚ್ಚಾಯಿತು ಅಂತಿದ್ದೇನೆ. ನೀನು ಇಟಲಿಗೆ ಹೋಗಿದ್ದೆಯಲ್ಲ, ಅಲ್ಲಿ ಹೇಗೆ ತಿರುಗಿದೆ?

ಸೊಸೆ: ಮೊದಲ ಸಲ ಗುಂಪಿನ ಪ್ರವಾಸದಲ್ಲಿ ಹೋದೆ. ರೋಮ್, ಫ್ಲಾರೆನ್ಸ್, ಪೀಸಾ, ವೆನಿಸ್. ಬೆಳಿಗ್ಗೆ ಸೂಟ್‌ಕೇಸು ಬಸ್ಸಿನ ಹೊಟ್ಟೆಗೆ, ಸಂಜೆ ಇನ್ನೊಂದು ಹೋಟೆಲು. ಈಗ ಫೋಟೋ ನೋಡಿದರೆ ಯಾವುದು ಯಾವ ಊರು ಅಂತ ಹೇಳೋದಕ್ಕೆ ಹೊತ್ತು ಬೇಕು. ಎರಡನೇ ಸಲ ಕಂಪನಿಯವರು ಟುರಿನ್‌ಗೆ ಕಳಿಸಿದರು. ಅಲ್ಲೇ ಮನೆ ಮಾಡಿಕೊಂಡು ಇದ್ದೆ. ಮೇ ತಿಂಗಳಲ್ಲಿ ಒಂದು ಭಾನುವಾರ ಮಿಲಾನ್‌ಗೆ ಹೋಗೋ ರೈಲಿನಲ್ಲಿ ಕಿಟಕಿ ಪಕ್ಕ ಕೂತಿದ್ದೆ. ವೆರ್ಚೆಲ್ಲಿ ಅನ್ನೋ ಊರಿನ ಹತ್ತಿರ ಎರಡೂ ಕಡೆ ನೀರು ನಿಂತ ಗದ್ದೆಗಳು! ಬದು, ಕಾಲುವೆ, ಬೆಳ್ಳಕ್ಕಿ, ದೂರದಲ್ಲಿ ಹಿಮದ ಬೆಟ್ಟ. ಇಟಲಿಯಲ್ಲಿ ಭತ್ತ ಬೆಳೀತಾರೆ ಅನ್ನೋದೇ ನನಗೆ ಗೊತ್ತಿರಲಿಲ್ಲ. ಪಕ್ಕದಲ್ಲಿದ್ದ ಅಜ್ಜಿ ತನ್ನ ತಾಯಿ ಆ ಗದ್ದೆಗಳಲ್ಲಿ ಕಳೆ ಕೀಳೋದಕ್ಕೆ ಬರ್ತಿದ್ದಳು ಅಂತ ಹೇಳಿದಳು. ಮೊಂದೀನೆ ಅಂತ ಅವರನ್ನು ಕರೀತಿದ್ದರಂತೆ. ಬೇರೆ ಸೀಮೆಗಳಿಂದ ರೈಲಿನಲ್ಲಿ ಬಂದು, ಮೊಣಕಾಲುದ್ದದ ನೀರಿನಲ್ಲಿ ದಿನವಿಡೀ ಬಾಗಿ, ಹಾಡು ಹೇಳ್ತಾ ಕಳೆ ಕೀಳೋ ಹೆಂಗಸರು. ಅವರ ಮೇಲೆ 1949ರಲ್ಲಿ ಒಂದು ಸಿನಿಮಾನೂ ಬಂತು, ‘ರೀಸೊ ಅಮಾರೊ’ ಅಂತ.

ಮಾವ: ನಾಟಿ ಹಾಡು ಹೇಳೋ ನಮ್ಮ ಹೆಂಗಸರ ಹಾಗೆಯೇ. ಇದನ್ನು ನಿನಗೆ ಯಾವ ಗೈಡೂ ತೋರಿಸಲಿಲ್ಲ, ಅಲ್ವಾ?

ಸೊಸೆ: ತೋರಿಸೋ ಜಾಗವೇ ಅಲ್ಲ ಅದು. ಅಕ್ಟೋಬರಿನಲ್ಲಿ ಹೋಗಿದ್ದರೆ ಒಣಗಿದ ಕೂಳೆ ಗದ್ದೆ ಕಂಡಿರ್ತಿತ್ತು. ಅಕ್ಟೋಬರಿನಲ್ಲಿ ದಕ್ಷಿಣಕ್ಕೆ, ಲಾಂಗೆ ಗುಡ್ಡಗಳ ಕಡೆ ಹೋಗಬೇಕು. ಅಲ್ಲಿ ನೆಬ್ಬಿಯೋಲೊ ದ್ರಾಕ್ಷಿ ಕೊಯ್ಲು, ಬೆಳಿಗ್ಗೆ ಕಣಿವೆ ತುಂಬ ಮಂಜು. ಆಲ್ಬಾ ಊರಿನಲ್ಲಿ ನೆಲದೊಳಗೆ ಬೆಳೆಯೋ ಬಿಳಿ ಅಣಬೆಯ ಸಂತೆ. ಟುರಿನ್‌ನಿಂದ ಎರಡೂ ಕಡೆಗೆ ಅರ್ಧ ದಿನದ ದಾರಿಯೂ ಇಲ್ಲ. ಒಂದೇ ಸೀಮೆ, ಆದರೆ ಮೇ ತಿಂಗಳಿನದು ಬೇರೆ ದೇಶ, ಅಕ್ಟೋಬರಿನದು ಬೇರೆ ದೇಶ.

ಮಾವ: ಅದನ್ನೇ ನಿನ್ನ ಗೆಳತಿಗೆ ಹೇಳು. ಇಲ್ಲಿಯೂ ಹಾಗೇ. ಆನಂದಪುರದ ಬಯಲು ಗದ್ದೆ, ಹಿನ್ನೀರಿನಾಚೆಯ ಕರೂರು ಸೀಮೆ, ನಗರದ ಸುತ್ತಿನ ದಟ್ಟ ಕಾಡು, ತೀರ್ಥಹಳ್ಳಿಯ ತುಂಗೆಯ ದಂಡೆ. ಇವೆಲ್ಲ ಒಂದೇ ಮಲೆನಾಡು ಅಂತ ನಕ್ಷೆಯಲ್ಲಿ ಬರೆಯಬಹುದು. ಮಳೆ ಬೇರೆ, ಮಣ್ಣು ಬೇರೆ, ಊಟ ಬೇರೆ, ಮಾತಿನ ರಾಗವೂ ಬೇರೆ. ಇಟಲಿಯಿಂದ ಇಲ್ಲಿಗೇ ಬಂದು ನಿಧಾನವಾಗಿ ನೋಡಿ ಹೋದ ಒಬ್ಬನಿದ್ದಾನೆ. ನಾಲ್ಕುನೂರು ವರ್ಷದ ಹಿಂದೆ.

ಸೊಸೆ: ಇಕ್ಕೇರಿಗೆ?

ಮಾವ: ಇಕ್ಕೇರಿಗೇ. ಪಿಯೆತ್ರೊ ದೆಲ್ಲಾ ವಾಲ್ಲೆ ಅಂತ, ರೋಮಿನ ಶ್ರೀಮಂತ ಮನೆತನದವ. 1614ರಲ್ಲಿ ವೆನಿಸ್‌ನಿಂದ ಹೊರಟು ತುರ್ಕಿ, ಈಜಿಪ್ಟ್, ಬಾಗ್ದಾದ್, ಪರ್ಷಿಯಾ ಸುತ್ತಿ 1623ರಲ್ಲಿ ಸೂರತ್‌ನಲ್ಲಿ ಇಳಿದ. ಬಾಗ್ದಾದಿನಲ್ಲಿ ಮದುವೆಯಾಗಿದ್ದ ಹೆಂಡತಿ 1621ರಲ್ಲಿ ದಾರಿಯಲ್ಲೇ ತೀರಿಕೊಂಡಿದ್ದಳು. ಅವಳ ದೇಹವನ್ನು ಕೆಡದ ಹಾಗೆ ಪೆಟ್ಟಿಗೆಯಲ್ಲಿಟ್ಟು, ವರ್ಷಗಳ ಮೇಲೆ ರೋಮಿಗೆ ಒಯ್ದು ಮಣ್ಣು ಮಾಡಿದ. ಅಂಥ ಮನುಷ್ಯ. ಗೋವೆಯ ಪೋರ್ಚುಗೀಸರು 1623ರಲ್ಲೇ ಇಕ್ಕೇರಿಯ ಅರಸ ವೆಂಕಟಪ್ಪ ನಾಯಕನ ಬಳಿಗೆ ಒಬ್ಬ ರಾಯಭಾರಿಯನ್ನು ಕಳಿಸಿದರು. ಕಾಳುಮೆಣಸಿನ ವ್ಯಾಪಾರದ ಮಾತು, ಬಂಗರ ಅರಸನ ತಕರಾರು, ಇವೆಲ್ಲ ಇದ್ದವು. ಈತನಿಗೆ ಯಾವ ಕೆಲಸವೂ ಇರಲಿಲ್ಲ. ನೋಡಬೇಕು ಅನ್ನೋ ಆಸೆಗಾಗಿ ಜೊತೆಗೆ ಹೊರಟ.

ಸೊಸೆ: ಯಾವ ದಾರಿಯಲ್ಲಿ ಬಂದ?

ಮಾವ: ಸಮುದ್ರದ ಮೇಲೆ ಹೊನ್ನಾವರ, ಅಲ್ಲಿಂದ ದೋಣಿಯಲ್ಲಿ ಶರಾವತಿಯ ಮೇಲೆ ಗೇರುಸೊಪ್ಪೆ. ನದಿಯ ಎರಡೂ ದಡಗಳ ಹಸಿರಿಗೆ ಮನಸೋತು ಬರೆದಿದ್ದಾನೆ. ಪೋರ್ಚುಗೀಸರು ‘ಕಾಳುಮೆಣಸಿನ ರಾಣಿ’ ಅಂತ ಕರೀತಿದ್ದ ರಾಣಿಯ ಊರು ಆಗಲೇ ಹಾಳು ಬಿದ್ದು, ಅರಮನೆಯ ಮೇಲೆ ಮರ ಬೆಳೆದಿತ್ತು. ಅಲ್ಲಿಂದ ಘಟ್ಟ ಹತ್ತಿದರು. ಈಗ ಕೇಳು. ಘಟ್ಟದ ತಲೆಯ ಮೇಲೆ ಒಂದು ಕೋಟೆ, ಅಲ್ಲೊಂದು ಹನುಮಂತನ ಗುಡಿ. ಗುಡಿಯ ಜಗಲಿಯಲ್ಲಿ ನಾಲ್ಕು ಹುಡುಗರು ಲೆಕ್ಕ ಕಲೀತಿದ್ದರು. ನೆಲದ ಮೇಲೆ ಸಣ್ಣ ಮರಳು ಹರಡಿ, ಒಬ್ಬ ರಾಗವಾಗಿ ಪಾಠ ಹೇಳೋದು, ಎಲ್ಲರೂ ಹಾಗೇ ಹಾಡುತ್ತಾ ಬೆರಳಿನಿಂದ ಮರಳಲ್ಲಿ ಬರೆಯೋದು, ಮರಳು ತುಂಬಿದರೆ ಅಳಿಸಿ ಮತ್ತೆ ಹರಡೋದು. ಮೇಷ್ಟ್ರು ಇರಲಿಲ್ಲ. ‘ಯಾವುದಾದರೂ ಮರೆತರೆ ಯಾರು ತಿದ್ದುತ್ತಾರೆ?’ ಅಂತ ಕೇಳಿದ. ‘ನಾಲ್ಕೂ ಜನ ಒಟ್ಟಿಗೆ ಒಂದನ್ನೇ ಮರೆಯೋದಕ್ಕೆ ಸಾಧ್ಯವಿಲ್ಲ’ ಅಂದರಂತೆ ಹುಡುಗರು. ರೋಮಿನವನು ಆ ಉತ್ತರಕ್ಕೆ ಬೆರಗಾಗಿ ತನ್ನ ಗೆಳೆಯನಿಗೆ ಬರೆದ ಪತ್ರದಲ್ಲಿ ಅದನ್ನು ಸೇರಿಸಿದ.

ಸೊಸೆ: ನಾಲ್ಕು ಹುಡುಗರ ಮಾತು ನಾಲ್ಕು ಶತಮಾನ ಉಳಿಯಿತು.

ಮಾವ: ಉಳಿದದ್ದು ಅವನು ಅಲ್ಲಿ ನಿಂತದ್ದರಿಂದ. ರಾಯಭಾರಿಯ ಪರಿವಾರಕ್ಕೆ ಸಾಮಾನು ಹೊರುವವರು ಸಿಗದೆ ತಡವಾಗ್ತಿತ್ತು, ತಂಗಬೇಕಾಗ್ತಿತ್ತು. ಬೇರೆಯವರಿಗೆ ಬೇಸರ ತಂದ ಆ ಹೊತ್ತು ಇವನಿಗೆ ನೋಡೋದಕ್ಕೆ ಸಿಕ್ಕಿತು. ಇಕ್ಕೇರಿಗೆ ಬಂದಮೇಲೂ ಹಾಗೇ. ಊರಿಗೆ ಮೂರು ಸುತ್ತಿನ ಬೇಲಿ ಇತ್ತು, ಹೊರಗಿನ ಎರಡು ಸುತ್ತು ಗೋಡೆಯಲ್ಲ, ಒತ್ತಾಗಿ ನೆಟ್ಟ ಎತ್ತರದ ಬಿದಿರು ಅಂತ ಬರೆದಿದ್ದಾನೆ. ಮನೆಗಳು ದೂರ ದೂರ, ನಡುವೆ ಮರಗಳು. ಬೀದಿಯಲ್ಲಿ ಬಣ್ಣದ ಕೋಲು ಹಿಡಿದು ಹೆಣ್ಣುಮಕ್ಕಳು ಸುತ್ತು ಕಟ್ಟಿ ಕುಣಿಯೋದು ನೋಡಿದ. ನಮ್ಮ ಕೋಲಾಟವೇ. ಇನ್ನೊಂದಿದೆ, ಅದನ್ನು ಹೇಳೋದಕ್ಕೆ ಮನಸ್ಸು ಭಾರವಾಗುತ್ತೆ. ಗಂಡ ಸತ್ತು ಸಹಗಮನಕ್ಕೆ ಹೊರಟ ಒಬ್ಬ ಹೆಂಗಸು ಮೆರವಣಿಗೆಯಲ್ಲಿ ಹೋಗೋದು ಕಂಡ. ಡೋಲು ಬಾರಿಸುವವನ ಹೆಂಡತಿ, ತೆಲುಗು ನಾಡಿನವಳು. ನೋಡಿ ಸುಮ್ಮನಾಗಲಿಲ್ಲ, ಅವಳ ಮನೆ ಹುಡುಕಿಕೊಂಡು ಹೋಗಿ ಮಾತಾಡಿದ. ಚಿಕ್ಕ ಮಕ್ಕಳಿದ್ದಾರೆ, ಬೇಡ ಅಂತ ಹೇಳಿ ನೋಡಿದ. ಅವಳು ಒಪ್ಪಲಿಲ್ಲ. ಅವಳ ಹೆಸರನ್ನು ಕೇಳಿ ಬರೆದುಕೊಂಡ. ಜಕ್ಕಮ್ಮ ಅಂತಿರಬೇಕು, ಅವನ ಅಕ್ಷರದಲ್ಲಿ ಜಾಕ್ಕಮಾ. ಆ ಕಾಲದ ಇಕ್ಕೇರಿಯ ಒಬ್ಬ ಬಡ ಹೆಂಗಸಿನ ಹೆಸರು ನಮಗೆ ತಿಳಿದಿದ್ದರೆ ಅದು ಒಬ್ಬ ಪ್ರವಾಸಿ ಅವಳ ಮನೆಯ ಬಾಗಿಲಿಗೆ ಹೋದದ್ದರಿಂದ.

ಸೊಸೆ: ಈಗ ಇಕ್ಕೇರಿಗೆ ಬರೋರು ಇಪ್ಪತ್ತು ನಿಮಿಷ ಇದ್ದು ಹೋಗ್ತಾರೆ. ನಂದಿಯ ಜೊತೆ ಒಂದು ಫೋಟೋ.

ಮಾವ: ನಿನ್ನ ಗೆಳತಿಯ ಅತ್ತೆಗೆ ಮಂಡಿನೋವು ಅಂದೆಯಲ್ಲ, ಅವರಿಗೆ ಅಘೋರೇಶ್ವರ ದೇವಸ್ಥಾನಕ್ಕಿಂತ ಒಳ್ಳೆ ಜಾಗ ಇಲ್ಲ. ಸಾಗರದಿಂದ ಆರು ಕಿಲೋಮೀಟರು. ಸುತ್ತಲೂ ಹಸಿರು, ಒಳಗೆ ತಂಪು, ಕೂರೋದಕ್ಕೆ ಕಲ್ಲಿನ ಜಗಲಿ. ಬೆಳಿಗ್ಗೆ ಹೋಗಿ ಮಧ್ಯಾಹ್ನದ ತನಕ ಇರಲಿ. ಮೊದಲು ನೆಲ ನೋಡಬೇಕು. ಗರ್ಭಗುಡಿಯ ಎದುರು ನೆಲದ ಮೇಲೆ ಮೂವರು ನಾಯಕರ ಚಿತ್ರ ಕೆತ್ತಿದ್ದಾರೆ, ದೇವರಿಗೆ ಉದ್ದಂಡ ಬಿದ್ದ ಹಾಗೆ. ಒಬ್ಬನ ಕೈಕಾಲಿಗೆ ಸಂಕೋಲೆ ಇದೆ. ಹುಚ್ಚ ಸೋಮಶೇಖರ ಅಂತ ಹಳೆಯ ಗೆಜೆಟಿಯರ್ ಹೇಳುತ್ತೆ. ರಾಜನನ್ನು ಬೇಡಿ ಹಾಕಿದ ಹಾಗೆ ದೇವಸ್ಥಾನದಲ್ಲೇ ಕೆತ್ತಿಟ್ಟವರು ಏನು ಯೋಚನೆ ಮಾಡಿರಬಹುದು ಅಂತ ಕೂತು ಯೋಚಿಸೋದಕ್ಕೇ ಒಂದು ಗಂಟೆ ಬೇಕು. ಒಳಗೆ ಗರ್ಭಗುಡಿಯನ್ನೇ ತುಂಬೋ ದೊಡ್ಡ ಪೀಠ, ಅದರ ಸುತ್ತ ಮೂವತ್ತೆರಡು ಶಕ್ತಿಯರ ಸಾಲು.

ಸೊಸೆ: ಕಂಬಗಳ ಅಳತೆಯ ಕಥೆಯೊಂದನ್ನು ನಾನು ಚಿಕ್ಕವಳಿದ್ದಾಗ ನೀವು ಹೇಳ್ತಿದ್ದಿರಿ.

ಮಾವ: ಕಥೆಯಲ್ಲ, ಲೆಕ್ಕ. ನಡುವಣ ಕಂಬಗಳ ನಡುವಿನ ಅಂತರವೇ ಈ ಸೀಮೆಯ ತೋಟದ ಅಳತೆಗೋಲಾಗಿತ್ತು. 18 ಅಡಿ 6 ಅಂಗುಲ. ಅಷ್ಟು ಉದ್ದದ ಕೋಲಿನಲ್ಲಿ ಅಳೆದದ್ದನ್ನು ದಾಯ ಅಂತಿದ್ದರು. ಅಡಿಕೆ ತೋಟದ ತೆರಿಗೆ ಆ ದಾಯದ ಮೇಲೆ ನಿಂತಿತ್ತು. ಅಳತೆಯಲ್ಲಿ ಮೋಸ ಅಂತ ಯಾರಿಗಾದರೂ ಅನುಮಾನ ಬಂದರೆ ದೇವಸ್ಥಾನಕ್ಕೆ ಹೋಗಿ ಕೋಲು ಹಿಡಿದು ನೋಡಬಹುದು. ಇದನ್ನು ತಿಳಿದುಕೊಂಡು ಹೊರಗೆ ಬಂದು ಪಕ್ಕದ ಅಡಿಕೆ ತೋಟ ನೋಡಿದರೆ ತೋಟವೇ ಬೇರೆಯಾಗಿ ಕಾಣುತ್ತೆ. ಹುಡುಗನ ಕೈಗೆ ಒಂದು ಟೇಪು ಕೊಡಿ. ಹೊರಗಿನ ಅಂಗಳದಲ್ಲಿ ಹದಿನೆಂಟೂವರೆ ಅಡಿ ಅಳೆದು ಗೆರೆ ಎಳೆಯಲಿ. ಹತ್ತು ವರ್ಷದ ಹುಡುಗನಿಗೆ ವಾಸ್ತುಶಿಲ್ಪದ ಭಾಷಣ ಬೇಡ, ಕೆಲಸ ಬೇಕು.

ಸೊಸೆ: ಅಲ್ಲಿಂದ ಮಧ್ಯಾಹ್ನ?

ಮಾವ: ಯಾವ ಕಾಲ ಅಂತ ಹೇಳದೆ ನಾನು ಹೇಗೆ ಹೇಳಲಿ? ಆರಿದ್ರಾ, ಪುನರ್ವಸು ಮಳೆಯಲ್ಲಾದರೆ ತೋಟದ ಮನೆಯ ಜಗಲಿಯಲ್ಲಿ ಕೂರಬೇಕು. ಮಳೆ ನಿಲ್ಲಲಿ ಅಂತ ಕಾಯೋದಲ್ಲ, ಮಳೆ ನೋಡೋದಕ್ಕೇ ಬಂದವರ ಹಾಗೆ ಕೂರಬೇಕು. ಕಳಲೆ ಪಲ್ಯ, ಪತ್ರೊಡೆ, ಕೆಸುವಿನ ದಂಟು, ಸುಟ್ಟ ಹಲಸಿನ ಹಪ್ಪಳ, ಇವು ಹೋಟೆಲಿನ ಪಟ್ಟಿಯಲ್ಲಿರೋ ತಿಂಡಿಗಳಲ್ಲ, ಆ ಕಾಲದ ಮನೆಯ ಊಟ. ಕಂಬಳಿಕೊಪ್ಪೆ ಹೊದ್ದು ಗದ್ದೆಬದುವಿನ ಮೇಲೆ ಹತ್ತು ಹೆಜ್ಜೆ ಹೋದರೆ ಕಾಲಿಗೆ ಉಂಬಳ ಹತ್ತುತ್ತೆ, ಅದಕ್ಕೆ ಹೆದರಬಾರದು. ಮರದ ಮೇಲೆ ಅಡಿಕೆ ಕೊನೆಗೆ ಕೊಟ್ಟೆ ಕಟ್ಟೋರು, ಔಷಧಿ ಹೊಡೆಯೋರು ಇರ್ತಾರೆ. ಜಾರೋ ಮರದ ತುದಿಯಲ್ಲಿ ನಿಂತು, ಒಂದು ಮರದಿಂದ ಇನ್ನೊಂದನ್ನು ಎಳೆದುಕೊಂಡು ದಾಟೋದನ್ನು ನೋಡಿದರೆ ನಾವು ಬಾಯಿಗೆ ಹಾಕಿಕೊಳ್ಳೋ ಅಡಿಕೆಯ ಬೆಲೆ ಗೊತ್ತಾಗುತ್ತೆ.

ಸೊಸೆ: ಆ ಔಷಧಿ ಬೋರ್ಡೋ ದ್ರಾವಣ ಅಲ್ವಾ? ಅದೂ ಯೂರೋಪಿನಿಂದಲೇ ಬಂದದ್ದು. ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿಗೆ ರೋಗ ಬಂದಾಗ ಮಿಯಾರ್ದೆ ಅನ್ನೋ ವಿಜ್ಞಾನಿ 1885ರ ಹೊತ್ತಿಗೆ ಮೈಲುತುತ್ತ, ಸುಣ್ಣ ಬೆರೆಸಿ ಮಾಡಿದ್ದು. ಲಾಂಗೆ ಗುಡ್ಡದಲ್ಲಿ ದ್ರಾಕ್ಷಿ ಎಲೆಗಳ ಮೇಲೆ ಅದೇ ನೀಲಿ ಬಣ್ಣ ನೋಡಿದಾಗ ನನಗೆ ನಮ್ಮ ತೋಟ ನೆನಪಾಯಿತು.

ಮಾವ: ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಅಂತ ಕೆನಡಾದ ವಿಜ್ಞಾನಿ ಇದ್ದರು. ಅಡಿಕೆಯ ಕೊಳೆರೋಗಕ್ಕೆ ಇದು ಮದ್ದು ಅಂತ ಇಲ್ಲಿಯ ತೋಟಗಳಲ್ಲಿ ತೋರಿಸಿಕೊಟ್ಟವರು ಅವರು. ಅದು ಬರದೇ ಹೋಗಿದ್ದರೆ ನಮ್ಮ ಎಷ್ಟೋ ಮನೆಗಳ ಗತಿ ಏನಾಗ್ತಿತ್ತೋ. ಮಳೆಗಾಲದಲ್ಲಿ ಬಂದವನಿಗೆ ಮಾತ್ರ ಈ ಮಾತು ತೆಗೆಯೋದಕ್ಕೆ ಅವಕಾಶ. ಬೇಸಿಗೆಯಲ್ಲಿ ಬಂದವನಿಗೆ ತೋಟ ಅಂದರೆ ಬರೀ ನೆರಳು.

ಸೊಸೆ: ಬೇಸಿಗೆಯಲ್ಲಿ ಬರಬಾರದು ಅಂತೀರಾ?

ಮಾವ: ಬರಬಾರದು ಅಂತ ಯಾವ ಕಾಲಕ್ಕೂ ಹೇಳೋದಿಲ್ಲ. ಬೇಸಿಗೆಯದ್ದು ಬೇರೆ. ಹೊಳೆಯಂಚಿನ ಮರದಿಂದ ಅಪ್ಪೆಮಿಡಿ ಇಳಿಸಿ, ಉಪ್ಪಿನಲ್ಲಿ ಹಾಕೋ ಕಾಲ. ಕೆರೆಗಳಲ್ಲಿ ನೀರು ತಗ್ಗಿದಾಗ ಊರೂರಿನವರು ಕೂಣಿ ಹಿಡಿದು ಕೆರೆಬೇಟೆಗೆ ಇಳೀತಾರೆ. ಇದಕ್ಕಿಂತ ದೊಡ್ಡದೊಂದಿದೆ. ಲಿಂಗನಮಕ್ಕಿಯ ನೀರು ಚೆನ್ನಾಗಿ ಇಳಿದ ವರ್ಷ ಮಡೇನೂರಿನ ಹಳೆಯ ಅಣೆಕಟ್ಟು ನೀರಿನಿಂದ ಎದ್ದು ಬರುತ್ತೆ. ಹಿರೇಭಾಸ್ಕರ ಅಂತ ಹೆಸರು. 1948ರಲ್ಲಿ ಜೋಗದ ವಿದ್ಯುತ್ತಿಗಾಗಿ ಕಟ್ಟಿದ್ದು. 1964ರಲ್ಲಿ ಲಿಂಗನಮಕ್ಕಿ ಆದಾಗ ಅದೇ ಮುಳುಗಿತು. ಅಣೆಕಟ್ಟಿನ ಜೊತೆಗೆ ಮುಳುಗಿದ್ದು ಊರುಗಳು, ತೋಟಗಳು, ದೇವಸ್ಥಾನಗಳು. ನಾ. ಡಿಸೋಜ ಸಾಗರದಲ್ಲೇ ಇದ್ದು ‘ಮುಳುಗಡೆ’, ‘ದ್ವೀಪ’ ಬರೆದರು. 2025ರ ಜನವರಿಯಲ್ಲಿ ತೀರಿಕೊಂಡರು. ಹಿನ್ನೀರಿನ ದಂಡೆಗೆ ಬರೋರು ‘ದ್ವೀಪ’ ಓದಿ ಬರಲಿ, ಇಲ್ಲವಾದರೆ ಗಿರೀಶ ಕಾಸರವಳ್ಳಿಯವರ ಸಿನಿಮಾ ನೋಡಿ ಬರಲಿ. ಚೆಂದದ ಸಂಜೆ, ಬಂಗಾರದ ನೀರು ಅಂತ ಫೋಟೋ ತೆಗೆಯೋ ಜಾಗ ಒಬ್ಬರ ಅಂಗಳವಾಗಿತ್ತು ಅಂತ ಗೊತ್ತಿದ್ದರೆ ಅಲ್ಲಿ ಗಲಾಟೆ ಮಾಡೋದಕ್ಕೆ ಮನಸ್ಸು ಬರೋದಿಲ್ಲ.

ಸೊಸೆ: ನನ್ನ ಗೆಳತಿಗೆ ಒಂದು ಕೊರಗು ಇದೆ. ಸಿಗಂದೂರಿಗೆ ಲಾಂಚಿನಲ್ಲಿ ಹೋಗಬೇಕು ಅಂತಿದ್ದಳು. ಸೇತುವೆ ಬಂದು ಆ ಸೊಗಸು ಹೋಯಿತಂತೆ. ನಿಮ್ಮ ಮಾತಿನ ಪ್ರಕಾರ ಲಾಂಚು ನಿಧಾನ, ಸೇತುವೆ ಅವಸರ. ಅವಳು ಹೇಳೋದು ಸರಿಯಾಯಿತಲ್ಲ?

ಮಾವ: ಇಲ್ಲ. ಇಲ್ಲಿ ನಾನು ಅವಳ ಜೊತೆಗಿಲ್ಲ. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ದಿನ ಆಚೆ ದಡದವರ ಮುಖ ನೋಡಬೇಕಿತ್ತು ನೀನು. ಎರಡು ಕಿಲೋಮೀಟರಿಗೂ ಉದ್ದದ ಸೇತುವೆ. ಅದಕ್ಕಾಗಿ ಅವರು ಅರವತ್ತು ವರ್ಷ ಕಾದರು. ನಾಡಿಗೆ ಬೆಳಕು ಕೊಡೋದಕ್ಕೆ ಅವರ ಊರಿನ ದಾರಿ ಮುಳುಗಿತು. ಸಂಜೆ ಕೊನೆಯ ಲಾಂಚು ಹೋದಮೇಲೆ ಹೆರಿಗೆನೋವು ಬಂದರೆ, ಹಾವು ಕಚ್ಚಿದರೆ, ದೂರದ ಸುತ್ತುದಾರಿ ಹಿಡಿಯಬೇಕಿತ್ತು, ಇಲ್ಲವೇ ದಡದಲ್ಲಿ ಕೂರಬೇಕಿತ್ತು. ಪ್ರವಾಸಿಗೆ ಲಾಂಚು ಒಂದು ಮಧ್ಯಾಹ್ನದ ಖುಷಿ, ಆಚೆ ದಡದ ತುಮರಿಯವರಿಗೆ ಅದು ದಿನನಿತ್ಯದ ಕಟ್ಟಾಗಿತ್ತು. ನಿಧಾನ ನೋಡುವವನ ನಡೆಯಲ್ಲಿರಲಿ, ಊರಿನವರ ಆಂಬುಲೆನ್ಸ್ ಬೇಗ ಹೋಗಲಿ. ನಮಗೆ ಚೆಂದ ಕಾಣಲಿ ಅಂತ ಇನ್ನೊಬ್ಬರು ಕಷ್ಟದಲ್ಲೇ ಇರಬೇಕು ಅಂತ ಬಯಸೋದು ಪ್ರವಾಸವಲ್ಲ, ಸ್ವಾರ್ಥ.

ಸೊಸೆ: ಸೇತುವೆ ಆದಮೇಲೆ ಕಾರುಗಳು ಸಾಲುಗಟ್ಟಿ ಬರ್ತಿವೆ. ಬಂದವರೆಲ್ಲ ಅಲ್ಲಿ ಅರ್ಧ ಗಂಟೆ, ಇಲ್ಲಿ ಅರ್ಧ ಗಂಟೆ. ಪ್ಲಾಸ್ಟಿಕ್ ಬಾಟಲಿ ಬಿಟ್ಟು ಹೋಗ್ತಾರೆ, ದುಡ್ಡು ಬಿಟ್ಟು ಹೋಗೋದು ಕಡಿಮೆ.

ಮಾವ: ಅದಕ್ಕೇ ನಾನು ಉಳಿಯಲಿ ಅನ್ನೋದು. ರಾತ್ರಿ ಉಳಿದವನು ಊರಿನ ಮನೆಯಲ್ಲಿ ಉಣ್ಣುತ್ತಾನೆ, ಊರಿನ ಆಟೋ ಹತ್ತುತ್ತಾನೆ, ಹೋಗುವಾಗ ಜೋನಿಬೆಲ್ಲ, ಜೇನುತುಪ್ಪ, ಮಿಡಿ ಉಪ್ಪಿನಕಾಯಿ ಕೊಂಡು ಹೋಗುತ್ತಾನೆ. ಸಾಗರದ ಗುಡಿಗಾರರ ಅಂಗಡಿಯಲ್ಲಿ ಅರ್ಧ ದಿನ ಕೂತು ಗಂಧದ ಕೆತ್ತನೆ ನೋಡಿದವನು ಚೌಕಾಸಿ ಮಾಡೋದಿಲ್ಲ.

ಸೊಸೆ: ಇಟಲಿಯಲ್ಲಿ ಇದಕ್ಕೊಂದು ಕಾನೂನೇ ಇದೆ. ಅಗ್ರಿಟೂರಿಸ್ಮೊ ಅಂತಾರೆ, 1985ರಲ್ಲಿ ಮೊದಲು ಬಂದದ್ದು. ರೈತ ತನ್ನ ಮನೆಯಲ್ಲಿ ಅತಿಥಿಗಳನ್ನು ಇಟ್ಟುಕೊಳ್ಳಬಹುದು, ಆದರೆ ಬೇಸಾಯವೇ ಮುಖ್ಯ ಕಸುಬಾಗಿರಬೇಕು. ಬೇಸಾಯ ಬಿಟ್ಟು ಹೋಟೆಲು ಮಾಡಿದರೆ ಆ ಹೆಸರು ಇಟ್ಟುಕೊಳ್ಳೋ ಹಾಗಿಲ್ಲ. ನಾನಿದ್ದ ಕಡೆಯೇ ಬ್ರಾ ಅನ್ನೋ ಸಣ್ಣ ಊರಿದೆ. 1986ರಲ್ಲಿ ರೋಮಿನ ನಡುಬೀದಿಯಲ್ಲಿ ಮೆಕ್‌ಡೊನಾಲ್ಡ್ಸ್ ಬಂದಾಗ ವಿರೋಧಿಸಿದ ಕಾರ್ಲೊ ಪೆಟ್ರಿನಿ ಆ ಊರಿನವರು. ಸ್ಲೋ ಫುಡ್ ಚಳವಳಿ ಹುಟ್ಟಿದ್ದು ಹಾಗೆ. ಆ ಸೀಮೆಯ ತಳಿ, ಆ ಕಾಲದ ಅಡುಗೆ, ಅದನ್ನು ಬೆಳೆದವನಿಗೆ ನ್ಯಾಯವಾದ ಬೆಲೆ, ಅವರ ಹಟ ಇಷ್ಟೇ.

ಮಾವ: ಒಳ್ಳೆ ಹಟ. ನಮ್ಮಲ್ಲೂ ಹೋಂಸ್ಟೇ ಬೇಕಾದಷ್ಟು ಆಗಿವೆ. ತೋಟ ಮಾಡಿಕೊಂಡು ಎರಡು ಕೋಣೆ ಬಿಟ್ಟುಕೊಡೋ ಮನೆ ಬೇರೆ, ತೋಟ ಕಡಿದು ಈಜುಕೊಳ ತೋಡೋ ಜಾಗ ಬೇರೆ. ಎರಡಕ್ಕೂ ಒಂದೇ ಹೆಸರಿನ ಬೋರ್ಡು. ಅಂಥದ್ದೊಂದು ಕಾನೂನು ನಮ್ಮ ಸರ್ಕಾರವೂ ತರಬೇಕು.

ಸೊಸೆ: ಸರಿ, ಗೆಳತಿಯ ವಿಷಯಕ್ಕೆ ಬರ್ತೀನಿ. ಅವಳಿಗೆ ನಾಟಕದ ಹುಚ್ಚಿದೆ. ಗಂಡನಿಗೆ ಹಕ್ಕಿ ನೋಡೋ ಚಟ. ಹುಡುಗನಿಗೆ ನೀರು ಕಂಡರೆ ಸಾಕು. ನಾಲ್ಕು ಜನಕ್ಕೆ ನಾಲ್ಕು ದಿಕ್ಕು.

ಮಾವ: ಈಗ ನೀನು ಸರಿಯಾದ ವಿವರ ಕೊಟ್ಟೆ. ನಾಟಕದವಳು ಹೆಗ್ಗೋಡಿಗೆ ಬರಬೇಕು. 1949ರಲ್ಲಿ ಹಳ್ಳಿಯವರು ಕೂಡಿ ಶುರು ಮಾಡಿದ ನೀನಾಸಂ, ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ತಂದ ಕೆಲಸ. ಅಡಿಕೆ ತೋಟದ ನಡುವಿನ ರಂಗಮಂದಿರ ಅದು, ಕಟ್ಟಡ ನೋಡಿ ಹೋದರೆ ಏನೂ ನೋಡಿದ ಹಾಗಾಗೋದಿಲ್ಲ, ನಾಟಕ ಇರೋ ದಿನ ಬರಬೇಕು. ಅಲ್ಲಿಯ ಅಕ್ಟೋಬರಿನ ಸಂಸ್ಕೃತಿ ಶಿಬಿರದ ಹೊತ್ತಿಗೆ ಬಂದರೆ ಭೂಮಿಹುಣ್ಣಿಮೆಯೂ ಹತ್ತಿರದಲ್ಲೇ ಇರುತ್ತೆ. ದೀವರ ಹೆಂಗಸರು ಕೆಮ್ಮಣ್ಣು ಬಳಿದ ಬುಟ್ಟಿಯ ಮೇಲೆ ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೀತಾರೆ. ಬಸಿರಾದ ಭೂಮಿಗೆ ಬಯಕೆಯ ಊಟ ಅಂತ ಆ ಬುಟ್ಟಿ ಹೊತ್ತು ಬೆಳಕು ಹರಿಯೋ ಮೊದಲು ಗದ್ದೆಗೆ ಹೋಗೋದು. ಇದು ಪ್ರದರ್ಶನ ಅಲ್ಲ, ಮನೆಯ ಪೂಜೆ. ಆ ಮನೆಯವರು ಕರೆದರೆ ಹೋಗಬೇಕು, ಕರೆಯದಿದ್ದರೆ ದೂರದಿಂದ ಕೈಮುಗಿದು ಬರಬೇಕು. ಕ್ಯಾಮೆರಾ ಹಿಡಿದು ಗದ್ದೆಗೆ ನುಗ್ಗಬಾರದು.

ಸೊಸೆ: ಹಕ್ಕಿಗೆ?

ಮಾವ: ತುಂಗೆಯ ನಡುಗಡ್ಡೆ, ಮಂಡಗದ್ದೆ. ಮಳೆಗಾಲದಲ್ಲಿ ಬೆಳ್ಳಕ್ಕಿಗಳು ಗೂಡು ಕಟ್ಟೋದಕ್ಕೆ ಬರ್ತವೆ, ಮಳೆ ಮುಗಿಯೋ ಹೊತ್ತಿಗೆ ಮರಿ ಎಬ್ಬಿಸಿಕೊಂಡು ಹೋಗ್ತವೆ. ಜನವರಿಯಲ್ಲಿ ಹೋದರೆ ಬರೀ ಮರ. ನೀರಿನ ಹುಡುಗನಿಗೆ ತೀರ್ಥಹಳ್ಳಿ ಹತ್ತಿರದ ಚಿಬ್ಬಲಗುಡ್ಡೆ. ದೇವರ ಮೀನು ಅಂತ ಹಿಡಿಯದೆ ಬಿಟ್ಟದ್ದರಿಂದ ಮೊಳಕ್ಕಿಂತ ಉದ್ದದವು ಮೆಟ್ಟಿಲಿನ ಹತ್ತಿರ ಬರ್ತವೆ. ಎಳ್ಳಮಾವಾಸ್ಯೆಗೆ ತೀರ್ಥಹಳ್ಳಿಯ ಜಾತ್ರೆ, ರಾಮಕುಂಡದ ಸ್ನಾನ, ತೆಪ್ಪೋತ್ಸವ. ಕುಪ್ಪಳಿಗೆ ಮಾತ್ರ ಒಂದು ಷರತ್ತು ಹಾಕುತ್ತೇನೆ. ‘ಮಲೆಗಳಲ್ಲಿ ಮದುಮಗಳು’ ಓದಿ ಬರಲಿ. ಆ ಕಾದಂಬರಿಯಲ್ಲಿ ಜನ ಮನೆಯಿಂದ ಮನೆಗೆ ನಡೀತಾನೇ ಇರ್ತಾರೆ. ಕವಿಶೈಲಕ್ಕೆ ಕಾರಿನಲ್ಲಿ ಹೋಗಿ ಇಳಿಯೋದಕ್ಕಿಂತ ಕವಿಮನೆಯಿಂದ ನಡೆದು ಹತ್ತಿದರೆ ಪುಸ್ತಕ ಮತ್ತೆ ಶುರುವಾಗುತ್ತೆ.

ಸೊಸೆ: ಇಷ್ಟೆಲ್ಲ ಹೇಳಿ ಕೊನೆಗೆ ಎರಡು ದಿನಕ್ಕೆ ಏನು ಮಾಡಲಿ? ನವೆಂಬರ್ ಕೊನೆಯ ವಾರ ಅಂತ ಇಟ್ಟುಕೊಳ್ಳಿ.

ಮಾವ: ನವೆಂಬರ್ ಅಂದರೆ ಅಡಿಕೆಯ ಕೊನೆಕೊಯ್ಲು. ದೆಲ್ಲಾ ವಾಲ್ಲೆ ಇಕ್ಕೇರಿಯಲ್ಲಿದ್ದ ತಿಂಗಳೂ ಅದೇ. ಸಾಗರದ ಸುತ್ತ ಹತ್ತು ಕಿಲೋಮೀಟರು ಬಿಟ್ಟು ಹೊರಗೆ ಹೋಗೋದೇ ಬೇಡ. ಶನಿವಾರ ಬೆಳಿಗ್ಗೆ ಮನೆ ಸೇರಿ ಸ್ನಾನ, ತಿಂಡಿ, ಒಂದು ನಿದ್ದೆ. ಹನ್ನೊಂದರ ಮೇಲೆ ತೋಟ. ಕೊನೆಗೌಡ ಮರ ಹತ್ತಿ ಹಗ್ಗದ ಮೇಲೆ ಕೊನೆ ಜಾರಿಸೋದನ್ನು ಹುಡುಗ ಬಾಯಿಬಿಟ್ಟು ನೋಡ್ತಾನೆ. ಮಧ್ಯಾಹ್ನ ಊಟ, ಮಲಗೋದು. ಸಂಜೆ ಹೆಗ್ಗೋಡಿನಲ್ಲಿ ನಾಟಕವೇನಾದರೂ ಇದ್ದರೆ ಅಲ್ಲಿಗೆ. ಇಲ್ಲದಿದ್ದರೆ ಮನೆಯ ಅಂಗಳದಲ್ಲಿ ಅಡಿಕೆ ಸುಲಿಯೋರ ಜೊತೆ ಕೂರೋದು. ಮೆಟ್ಟುಗತ್ತಿಯ ಮುಂದೆ ಹೆಂಗಸರು ಗಂಡಸರು ಸಾಲಾಗಿ ಕೂತು ಸುಲೀತಾ ಊರಿನ ಸುದ್ದಿಯೆಲ್ಲ ಮಾತಾಡ್ತಾರೆ. ಒಲೆಯ ಮೇಲೆ ಹಂಡೆಯಲ್ಲಿ ಅಡಿಕೆ ಬೇಯ್ತಿರುತ್ತೆ, ಚೊಗರಿನ ವಾಸನೆ. ಭಾನುವಾರ ಬೆಳಿಗ್ಗೆಯಿಡೀ ಇಕ್ಕೇರಿ. ಅಲ್ಲೇ ಹತ್ತಿರ ವರದಾಮೂಲ, ವರದಾ ನದಿ ಹುಟ್ಟೋ ಜಾಗ, ಅತ್ತೆಗೆ ಹೆಚ್ಚು ನಡಿಗೆಯಿಲ್ಲ. ಶಕ್ತಿ ಉಳಿದರೆ ಸಂಜೆ ಕೆಳದಿ. ಉಳಿಯದಿದ್ದರೆ ಬೇಡ.

ಸೊಸೆ: ಜೋಗವೇ ಇಲ್ಲ! ಅವಳು ಒಪ್ಪೋದಿಲ್ಲ. ಸಾಗರದ ತನಕ ಬಂದು ಜೋಗ ನೋಡದೆ ಹೋದೆ ಅಂದರೆ ನೆಂಟರೆಲ್ಲ ನಗ್ತಾರೆ ಅಂತಾಳೆ.

ಮಾವ: ನವೆಂಬರ್ ಹೊತ್ತಿಗೆ ಲಿಂಗನಮಕ್ಕಿ ನೀರನ್ನು ಹಿಡಿದಿಟ್ಟುಕೊಂಡಿರುತ್ತೆ. ರಾಜಾ, ರೋರರ್, ರಾಕೆಟ್, ರಾಣಿ ನಾಲ್ಕೂ ಎಳೆಯಾಗಿ ಇಳೀತಿರ್ತವೆ. 253 ಮೀಟರ್ ಬಂಡೆಯ ಗಾತ್ರ ನೋಡೋದಕ್ಕೆ ಅದು ಒಳ್ಳೆ ಕಾಲವೇ, ನೀರಿನ ಆರ್ಭಟಕ್ಕಲ್ಲ. ಆರ್ಭಟ ಬೇಕಾದರೆ ಆಗಸ್ಟಿನಲ್ಲಿ ಇನ್ನೊಮ್ಮೆ ಬರಲಿ. ಆಗ ಜೋಗ ಒಂದೇ ಇಟ್ಟುಕೊಳ್ಳಲಿ. ಮಂಜು ಮುಚ್ಚಿದರೆ ಕಾಯಬೇಕು, ಅರ್ಧ ದಿನವಾದರೂ ಕಾಯಬೇಕು. ಮಂಜು ಸರಿದು ಜಲಪಾತ ಕಾಣೋ ಎರಡು ನಿಮಿಷ ಕಾದವರಿಗೇ ಸಿಗೋದು.

ಸೊಸೆ: ನಗರದ ಕೋಟೆ, ಹುಂಚ, ಕವಲೇದುರ್ಗ?

ಮಾವ: ಅದು ಹೊಸನಗರ, ತೀರ್ಥಹಳ್ಳಿಯಲ್ಲಿ ಮನೆ ಹಿಡಿದು ಮಾಡಬೇಕಾದ ಪ್ರವಾಸ, ಫೆಬ್ರವರಿಯಲ್ಲಿ. ಆಲೆಮನೆಯ ಕಾಲ. ಮಡಕೆಯ ಬೆನ್ನ ಮೇಲೆ ತೊಡೆದೇವು ಎಳೆಯೋದನ್ನು ನೋಡಿ ಬಿಸಿಬಿಸಿ ತಿನ್ನಬಹುದು. ಹುಂಚದ ಪಂಚಕೂಟ ಬಸದಿ 1077ರದ್ದು, ಚಟ್ಟಲದೇವಿ ಕಟ್ಟಿಸಿದ್ದು. ಇಕ್ಕೇರಿಗಿಂತ ಐದು ಶತಮಾನ ಹಳೆಯದು. ನಗರಕ್ಕೆ ನಾಯಕರು ರಾಜಧಾನಿ ಒಯ್ದದ್ದು ಇಕ್ಕೇರಿಯನ್ನು ಬಿಜಾಪುರದವರು ಹಾಳುಗೆಡವಿದ ಮೇಲೆ. 1763ರಲ್ಲಿ ಹೈದರಾಲಿ ಅದನ್ನೂ ಹಿಡಿದ. ಮೊದಲು ಇಕ್ಕೇರಿ ನೋಡಿದವನಿಗೆ ಆಮೇಲೆ ನಗರ ಅರ್ಥವಾಗುತ್ತೆ. ಒಂದೇ ದಿನ ಎರಡನ್ನೂ ನೋಡಿದವನಿಗೆ ಎರಡೂ ಬರೀ ಕಲ್ಲು.

ಸೊಸೆ: ಹಾಗಾದರೆ ನಾನು ಏನಂತ ಬರೆಯಲಿ ಅವಳಿಗೆ?

ಮಾವ: ಬರೋ ಮೊದಲು ಉಳಿಯೋ ಮನೆಯವರಿಗೆ ಫೋನ್ ಮಾಡಿ, ಕೊನೆಕೊಯ್ಲು ಶುರುವಾಗಿದೆಯಾ ಅಂತ ಕೇಳಲಿ. ಆಗಿಲ್ಲ ಅಂದರೆ ಒಂದು ವಾರ ಮುಂದೆ ಹಾಕಲಿ. ಅತ್ತೆಗೆ ನೆಲದ ಮೇಲೆ ಕೂರೋದಕ್ಕೆ ಆಗದಿದ್ದರೆ ಮೊದಲೇ ತಿಳಿಸಲಿ, ಮಣೆ ಬದಲು ಕುರ್ಚಿ ಹಾಕ್ತಾರೆ. ಕುಡಿಯೋ ನೀರಿಗೆ ಸ್ಟೀಲಿನ ಬಾಟಲಿ ತರಲಿ, ಬಾವಿಯ ನೀರು ಎಲ್ಲ ಮನೆಯಲ್ಲೂ ಕೊಡ್ತಾರೆ. ತೋಟದೊಳಗೆ ಹೋಗುವಾಗ ಯಜಮಾನರನ್ನು ಕೇಳಿ ಹೋಗಲಿ. ಕೊನೆಗೌಡನ ಫೋಟೋ ತೆಗೆಯೋ ಮೊದಲು ಅವನ ಹೆಸರು ಕೇಳಲಿ.